ಎಣ್ಣೆ ಕುಡಿಯುವ ಫಟಫಟಿ

ನನ್ನ ಮೋಟಾರು ಸೈಕಲ್ಲಿನ, ಅಂದರೆ ಫಟಫಟಿಯ ವಿಷಯವಾಗಿ ಗೋಕಾಕ ತಾಲೂಕಿನಲ್ಲಿ ಒಂದು ಮಾತು ಓಡಾಡುತ್ತದೆ, ಹುಕ್ಕೇರಿ ತಾಲೂಕಿನಲ್ಲಿ ಇನ್ನೊಂದು ಮಾತು ಓಡಾಡುತ್ತದೆ. ಇವನ್ನು ಹುಟ್ಟಿಸಿದವರು ಯಾರೂ ಒಂದು ದಿನವೂ ಫಟಫಟಿಯ ಮೇಲೆ ಕುಳಿತವರಲ್ಲ. ಕುಳಿತಿದ್ದರೆ ಚೈನಿಗೆ ಎಣ್ಣೆ ಬಿಡುವುದು ಎಂಥ ಮಾನಗೇಡಿ ಕೆಲಸ ಎಂದು ಅವರಿಗೂ ಗೊತ್ತಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಆಡುವವರ ಬಾಯಿ ಮುಚ್ಚಿಸಲು ನನ್ನಿಂದಾಗದು. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲೆ. ನ್ಯಾಯ ಯಾರ ಕಡೆಗಿದೆ ಎಂದು ಕೇಳಿದವರೇ ಹೇಳಲಿ.

ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮೂಡಲಗಿ ಪೇಟೆಯಲ್ಲಿ ನನ್ನದು ಬೆಲ್ಲದ ದಲಾಲಿ ಮಾಡುವ ಅಡತಿ ಅಂಗಡಿ. ಹೆಸರು ದುಂಡಪ್ಪ. ಊರ ಹೊರಗೆ ಹೊಲವೂ ಇದೆ. ಆ ಬೇಸಿಗೆಯಲ್ಲಿ ಮನೆಯ ಮುದಿ ಎತ್ತುಗಳನ್ನು ಮಾರಿದೆ. ಹೊಸ ಜೋಡಿ ತರುತ್ತೇನೆಂದು ಬೆಳಗಾವಿಯ ಕಡೆ ಹೋದವನು ಹೊಸ ಫಟಫಟಿ ಹತ್ತಿ ಬಂದೆ. ಇದರಲ್ಲಿ ತಪ್ಪೇನಿದೆ? ಎತ್ತು ದುಡಿಯುವುದು ಅರ್ಧ ವರ್ಷ, ತಿನ್ನುವುದು ವರ್ಷವಿಡೀ. ಫಟಫಟಿ ನಿಂತಾಗ ಏನೂ ಕೇಳುವುದಿಲ್ಲ. ಹೊಲಕ್ಕೆ ಬೇಕಾದಾಗ ಯಾರ ಎತ್ತನ್ನಾದರೂ ಬಾಡಿಗೆಗೆ ಹೇಳಿದರಾಯಿತು. ಇದನ್ನೆಲ್ಲ ಹೆಂಡತಿ ಸಾವಂತ್ರೆವ್ವನನ್ನು ಎದುರಿಗೆ ಕೂಡಿಸಿಕೊಂಡು ಬಿಡಿಸಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ ಎದ್ದುಹೋಗಿ ಖಾಲಿ ಗೋದಲಿಯ ಮುಂದೆ ನಿಂತಳು.

“ಕಾರಹುಣ್ಣಿವಿ ಬರಾಕತ್ತೈತಿ. ಎತ್ತ ಇಲ್ಲದ ಮನ್ಯಾಗ ನಾ ಯಾರಿಗೆ ಆರತಿ ಮಾಡ್ಲಿ? ನೀವ ಎತ್ತ ತಂದ ದಿನಾ ನಾ ಬರ್ತೀನಿ,” ಅಂದಳು.

ಮರುದಿನ ನಿಡಸೋಸಿಯ ತವರಿಗೆ ಹೊರಟಳು. ಫಟಫಟಿಯ ಮೇಲೆ ಬಿಟ್ಟುಬರುತ್ತೇನೆಂದೆ. ಕೇಳದವಳಂತೆ ಬಸ್ಸು ಹತ್ತಿದಳು. ನನಗೆ ಸಿಟ್ಟು ಬಂತು. ಹೋಗಲಿ, ಬುದ್ಧಿ ಬಂದಾಗ ಬರುತ್ತಾಳೆ ಎಂದು ಒಂದು ವಾರ ಕಳೆದೆ. ಎರಡನೆಯ ವಾರ ಮನೆ ಬಣಬಣ ಅನ್ನತೊಡಗಿತು. ನಾನೇ ಬಡಿದ ರೊಟ್ಟಿಯನ್ನು ನಾನೇ ಮುರಿಯಲಾರದೆ ಕುಳಿತಾಗ, ಅವಳಿಲ್ಲದೆ ನನ್ನಿಂದ ಆಗುವುದಿಲ್ಲ ಎಂದು ಚೆನ್ನಾಗಿಯೇ ತಿಳಿಯಿತು. ಆದರೆ ಹಾಗೆಂದು ಫಟಫಟಿ ಮಾರಿ ಎತ್ತು ತಂದರೆ ಪೇಟೆಯಲ್ಲಿ ನನ್ನ ಮರ್ಯಾದೆ ಏನಾದೀತು? ಹಬ್ಬಕ್ಕೆ ನಾನೇ ನಿಡಸೋಸಿಗೆ ಹೋಗಿ, ಫಟಫಟಿ ಎತ್ತಿಗಿಂತ ಎಷ್ಟು ಮೇಲು ಎಂದು ಮಾವನ ಮನೆಯವರಿಗೆಲ್ಲ ತೋರಿಸಿ, ಅವಳನ್ನು ಹಿಂದೆ ಕೂಡಿಸಿಕೊಂಡು ಬರಬೇಕೆಂದು ನಿಶ್ಚಯಿಸಿದೆ.

ಈಗ ಚೈನಿನ ವಿಷಯಕ್ಕೆ ಬರುತ್ತೇನೆ. ಫಟಫಟಿಯ ಹಿಂದಿನ ಗಾಲಿಯನ್ನು ತಿರುಗಿಸುವ ಚೈನಿಗೆ ಆಗಾಗ ಎಣ್ಣೆ ಬಿಡಬೇಕು. ಬಿಡಬೇಕೆಂದರೆ ಅಂಗಡಿಯ ಮುಂದೆ ಹತ್ತು ಜನರ ಎದುರಿಗೆ ಧೋತರ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂಡಬೇಕು. ಬಂಡಿ ಹೊಡೆಯುವವರು ಅಚ್ಚಿಗೆ ಕೀಲೆಣ್ಣೆ ಸವರುವುದೂ ಹೀಗೆಯೇ ಕುಳಿತು. ಬಂಡಿಯನ್ನು ಮೂಲೆಗೆ ನಿಲ್ಲಿಸಿ ಫಟಫಟಿ ತಂದವನು ಕಡೆಗೂ ಕೀಲೆಣ್ಣೆ ಸವರುತ್ತಲೇ ಕೂಡುವುದಾದರೆ ಎರಡಕ್ಕೂ ಫರಕು ಏನು ಉಳಿಯಿತು? ಒಂದು ಸಂತೆಯ ದಿನ ನಾನು ಹೀಗೆ ಕುಳಿತಿದ್ದಾಗ ರೈತನೊಬ್ಬ ಬಂಡಿ ನಿಲ್ಲಿಸಿ ಬಹಳ ಹೊತ್ತು ನೋಡಿದ. ನಿಮ್ಮದು ಮುಗಿದ ಮೇಲೆ ನಮ್ಮ ಗಾಲಿಗೂ ಒಂದಿಷ್ಟು ಸವರಿಬಿಡಿ ಎಂದು ಬಹಳ ವಿನಯದಿಂದ ಕೇಳಿದ. ಮರುದಿನವೇ ನಾನು ಕೊಲ್ಲಾಪುರಕ್ಕೆ ಹೋಗಿ ಆಟೋಮ್ಯಾಟಿಕ್ ಎಣ್ಣೆಡಬ್ಬಿ ತಂದೆ.

ಅದೊಂದು ತಗಡಿನ ಡಬ್ಬಿ. ಮೇಲೆ ಮುಚ್ಚಳ, ಕೆಳಗೆ ತಾಮ್ರದ ಸಣ್ಣ ನಳಿಗೆ, ನಡುವೆ ಒಂದು ತಿರುಪು. ಸೀಟಿನ ಕೆಳಗೆ ಕಟ್ಟಿ, ನಳಿಗೆಯ ತುದಿ ಚೈನಿನ ಮೇಲೆ ಬರುವಂತೆ ಬಗ್ಗಿಸಿದರೆ ಎಣ್ಣೆ ತಾನಾಗಿಯೇ ಹನಿಹನಿಯಾಗಿ ಬೀಳುತ್ತದೆ. ಅಂಗಡಿಯಲ್ಲಿ ಹಲವು ಅಳತೆಯವು ಇದ್ದವು. ನಾನು ಎಲ್ಲಕ್ಕಿಂತ ದೊಡ್ಡದನ್ನು, ಹತ್ತಿರ ಹತ್ತಿರ ತಂಬಿಗೆಯಷ್ಟು ಇದ್ದದ್ದನ್ನು ಆರಿಸಿದೆ. ತಿರುಪನ್ನು ಎಷ್ಟು ತಿರುಗಿಸಬೇಕೆಂದು ಅಂಗಡಿಯವನು ಮರಾಠಿಯಲ್ಲಿ ವಿಸ್ತಾರವಾಗಿ ತಿಳಿಸಿದ. ನಾನು ಕೊನೆಯವರೆಗೂ ಹೂಂ ಅಂದೆ. ಹತ್ತಿರ ನಾಲ್ಕು ಜನ ಗಿರಾಕಿಗಳು ನಿಂತಿರುವಾಗ ತಿಳಿಯಲಿಲ್ಲ ಎಂದು ಹೇಳಲು ನಾನೇನು ಬೆಲ್ಲದ ಗಾಣದಿಂದ ನೇರ ಎದ್ದು ಬಂದವನೇ?

ಮನೆಯ ಮುಂದೆ ಕುಳಿತು ನಾನೇ ಅದನ್ನು ಜೋಡಿಸಿದೆ. ಒಂದು ಇಡೀ ಮುಂಜಾನೆ ಹಿಡಿಯಿತು. ಎಲ್ಲ ಮುಗಿದ ಮೇಲೆ ಒಂದು ರಬ್ಬರಿನ ಬಳೆ ಕೈಯಲ್ಲಿ ಉಳಿಯಿತು. ಹೆಚ್ಚಿಗೆ ಒಂದು ಕೊಟ್ಟಿದ್ದಾನೆ, ಕೊಲ್ಲಾಪುರದವರು ಧಾರಾಳಿಗಳು ಎಂದು ಮೆಚ್ಚಿಕೊಂಡೆ. ಡಬ್ಬಿಯ ಜೊತೆಗೆ ತಂದಿದ್ದ ಎಣ್ಣೆಯನ್ನು ಕಂಠಮಟ್ಟ ತುಂಬಿಸಿ, ಪೇಟೆಯನ್ನು ಎರಡು ಸುತ್ತು ಹಾಕಿ, ಕೈ ಸ್ವಚ್ಛವಾಗಿಯೇ ಮನೆಗೆ ಬಂದೆ. ಮನುಷ್ಯನಾಗಿ ಹುಟ್ಟಿದ್ದು ಸಾರ್ಥಕವಾಯಿತು ಅನ್ನಿಸಿತು.

ಬಾಜೂ ಮನೆಯ ಲಕ್ಕವ್ವನಿಗೆ ಹಾಗೆ ಅನ್ನಿಸಲಿಲ್ಲ. ಅವಳು ದಿನಾ ಬೆಳಿಗ್ಗೆ ಬಾಗಿಲ ಮುಂದೆ ಸೆಗಣಿಯಿಂದ ಸಾರಿಸಿ ರಂಗೋಲಿ ಹಾಕುತ್ತಾಳೆ. ಎರಡು ಮನೆಗೂ ಅಂಗಳ ಒಂದೇ. ಮರುದಿನ ಬೆಳಿಗ್ಗೆ ಕರೆದಳು, ಹೋಗಿ ನೋಡಿದರೆ ನನ್ನ ಫಟಫಟಿಯ ಕೆಳಗಿನಿಂದ ಕರೀ ಎಣ್ಣೆಯ ಕಾಲುವೆ ಹೊರಟು ಅವಳ ರಂಗೋಲಿಯ ನಡುವೆ ಹಾದು ಹೊಸ್ತಿಲು ಮುಟ್ಟಿತ್ತು. ನಾನು ಶಾಂತವಾಗಿ, ಇದು ಆಟೋಮ್ಯಾಟಿಕ್ ಇದೆ, ಎಷ್ಟು ಬೇಕೋ ಅಷ್ಟೇ ಬಿಡುತ್ತದೆ ಎಂದು ತಿಳಿಸಿದೆ.

“ನಮ್ಮ ಎಮ್ಮಿನೂ ಆಟೋಮ್ಯಾಟಿಕ್ ಐತ್ರಿ ದುಂಡಪ್ಪಣ್ಣ. ಆದ್ರ ನಾವು ಅದನ್ನ ಹಿತ್ತಲದಾಗ ಕಟ್ತೀವಿ,” ಅಂದಳು ಲಕ್ಕವ್ವ.

ಹೆಂಗಸರ ಕೂಡ ಯಂತ್ರದ ಮಾತು ಬೆಳೆಸಬಾರದೆಂದು ಡಬ್ಬಿಯ ಕಡೆಗೆ ತಿರುಗಿದೆ. ತಿರುಪನ್ನು ಒಂದು ಸುತ್ತು ತಿರುಗಿಸಿದೆ. ಹರಿವು ಹೆಚ್ಚಿತು. ಇನ್ನೊಂದು ಕಡೆಗೆ ತಿರುಗಿಸಿದೆ. ಆಗಲೂ ಹೆಚ್ಚಿತು. ಹೀಗೆ ಎರಡೂ ಕಡೆ ತಿರುಗಿಸಿ ಪರೀಕ್ಷೆ ಮಾಡುವಷ್ಟರಲ್ಲಿ ತಂದ ಎಣ್ಣೆಯೆಲ್ಲ ಲಕ್ಕವ್ವನ ಅಂಗಳದ ಪಾಲಾಯಿತು.

ಕಾರಹುಣ್ಣಿಮೆಯ ಹಿಂದಿನ ದಿನ, ಹೊನ್ನುಗ್ಗಿಗೆ, ನಾನು ನಿಡಸೋಸಿಗೆ ಹೊರಡಬೇಕು. ಮೂಡಲಗಿಯಲ್ಲಿ ಗಾಡಿಯ ಎಣ್ಣೆ ಮಾರುತ್ತಿದ್ದದ್ದು ಒಂದೇ ಅಂಗಡಿ, ಅದು ಹಬ್ಬಕ್ಕೆ ಮುಚ್ಚಿತ್ತು. ಡಬ್ಬಿ ಖಾಲಿ ಇಟ್ಟುಕೊಂಡು ಮಾವನ ಮನೆಗೆ ಹೋದರೆ ಅದನ್ನು ಕಟ್ಟಿದ್ದೇಕೆ? ಎಣ್ಣೆಯೆಂದರೆ ಎಣ್ಣೆ ತಾನೇ ಎಂದು ಹಿಂದಿನ ಸಂಜೆ ಶಿದ್ಲಿಂಗಪ್ಪನ ಎಣ್ಣೆಗಾಣಕ್ಕೆ ಹೋಗಿ ಕುಸುಬಿ ಎಣ್ಣೆ ಕೇಳಿದೆ. ಹಬ್ಬದ ಅಡಿಗೆಗೆ ಎಣ್ಣೆ ಒಯ್ಯಲು ಅರ್ಧ ಊರಿನ ಹೆಂಗಸರು ಅಲ್ಲಿ ನಿಂತಿದ್ದರು. ಮನೆಯವರು ತವರಿನಿಂದ ಬಂದರೇನು ಎಂದು ಶಿದ್ಲಿಂಗಪ್ಪ ವಿಚಾರಿಸಿದ. ಇಲ್ಲ, ಎಣ್ಣೆ ಫಟಫಟಿಗೆ ಎಂದೆ.

“ಫಟಫಟಿ ಕುಸುಬಿ ಎಣ್ಣಿ ಕುಡಿತೈತೇನ್ರಿ?” ಅಂದ ಆತ.

ಅಷ್ಟು ಜನರ ಎದುರಿಗೆ ಉತ್ತರ ಗಟ್ಟಿಯಾಗಿ ಕೊಡಬೇಕಾಯಿತು. “ಯಾವ ಎಣ್ಣಿ ಹಾಕಿದ್ರೂ ಕುಡಿತೈತಿ. ನಾವ ಕುಡಸೂದ ಬ್ಯಾಡ, ತಾನ ಕುಡಿತೈತಿ. ಆಟೋಮ್ಯಾಟಿಕ್ ಐತಿ.”

ಇದಿಷ್ಟೇ ನಾನು ಆಡಿದ್ದು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಕತ್ತಲಾಗುವುದರೊಳಗೆ ಮೂಡಲಗಿಯ ತುಂಬ ಒಂದೇ ಮಾತಾಯಿತು: ದುಂಡಪ್ಪನ ಫಟಫಟಿ ಅಡಿಗೆಮನೆಯ ಎಣ್ಣೆಯನ್ನೆಲ್ಲ ಕುಡಿಯುತ್ತದೆ, ಒಗ್ಗರಣೆಗೆ ಒಂದು ಹನಿ ಉಳಿಯದೆ ಸಾವಂತ್ರೆವ್ವ ಬೇಸತ್ತು ತವರಿಗೆ ಹೋದಳು. ಸಾವಂತ್ರೆವ್ವ ಹೋದದ್ದು ಮೊದಲು, ಡಬ್ಬಿ ಬಂದದ್ದು ಆಮೇಲೆ, ಕುಸುಬಿ ಎಣ್ಣೆ ಹಾಕಿದ್ದು ಅದಕ್ಕೂ ಆಮೇಲೆ. ಹಿಂದುಮುಂದು ನೋಡದೆ ಮಾತಾಡುವ ಇಂಥ ಊರಿನಲ್ಲಿ ನಾನು ಅಡತಿ ನಡೆಸುತ್ತಿದ್ದೇನೆ. ಮೂಡಲಗಿಯ ಬೆಲ್ಲ ದಿನಾ ಬೆಳಿಗ್ಗೆ ಲಾರಿ ಹತ್ತಿ ಸಂಕೇಶ್ವರದ ಪೇಟೆಗೆ ಹೋಗುತ್ತದೆ. ನಡುವೆ ನಿಡಸೋಸಿ ಬರುತ್ತದೆ. ಬೆಲ್ಲದ ಜೊತೆಗೆ ಆ ಮಾತೂ ನನಗಿಂತ ಮೊದಲೇ ಹೊರಟಿತು.

ನಾನು ಹೊನ್ನುಗ್ಗಿಯ ಬೆಳಿಗ್ಗೆ ಡಬ್ಬಿಗೆ ಕುಸುಬಿ ಎಣ್ಣೆ ತುಂಬಿಸಿ, ಇಸ್ತ್ರಿಯ ಧೋತರ ಉಟ್ಟು, ಕರೀ ಕೋಟು ತೊಟ್ಟು, ತಲೆಗೆ ಹೊಸ ರೇಶಿಮೆಯ ರುಮಾಲು ಸುತ್ತಿ ಹೊರಟೆ. ಗೋಕಾಕದ ಪೇಟೆಯಲ್ಲಿ ಚಹಾ ಕುಡಿಯಲು ಇಳಿದೆ. ಬಶಿಯಲ್ಲಿ ಸುರುವಿದ ಚಹಾ ಇನ್ನೂ ಆರಿರಲಿಲ್ಲ, ಹೊರಗೆ ಏನೋ ಬಿದ್ದ ಸಪ್ಪಳವಾಯಿತು. ಹೋಗಿ ನೋಡಿದರೆ ಹವಾಲ್ದಾರನೊಬ್ಬ ನನ್ನ ಫಟಫಟಿಯ ಬಾಜೂ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ. ಅವನ ಕೆಳಗೆ ಎಣ್ಣೆ ಹರಡಿತ್ತು. ಕಾಯಿಪಲ್ಯ ಮಾರುವ ಹೆಂಗಸರು ಮುಖಕ್ಕೆ ಸೆರಗು ಹಿಡಿದಿದ್ದರು. ಅವನು ಏಳಲು ಅವಸರ ಮಾಡಲಿಲ್ಲ. ಒಂದು ಬೆರಳು ಎಣ್ಣೆಯಲ್ಲಿ ಅದ್ದಿ ಮೂಸಿದ, ಆಮೇಲೆ ನಾಲಿಗೆಯ ತುದಿಗೆ ಹಚ್ಚಿ ನೋಡಿದ.

“ಇದು ಗಾಡಿ ಎಣ್ಣಿ ಅಲ್ಲ, ಭಜಿ ಕರಿಯೂ ಎಣ್ಣಿ,” ಅಂದ. “ಸರಕಾರಿ ರಸ್ತಾದಾಗ ಭಜಿ ಕರಿಯಾಕ ಬಂದೀರೇನು?”

ನಾನು ಅವನನ್ನು ಎಬ್ಬಿಸಿ ನಿಲ್ಲಿಸಿ, ಡಬ್ಬಿ, ನಳಿಗೆ, ತಿರುಪು ಎಲ್ಲವನ್ನೂ ತೋರಿಸಿ, ಎಣ್ಣೆ ತಾನಾಗಿಯೇ ಬೀಳುತ್ತದೆ, ಇದರಲ್ಲಿ ಸವಾರನ ಕೈವಾಡ ಏನೂ ಇಲ್ಲ ಎಂದು ತಿಳಿಸಿದೆ. ಹವಾಲ್ದಾರ ಬಹಳ ಗಮನವಿಟ್ಟು ಕೇಳಿದ. ತಾನಾಗಿ ಬಿದ್ದದ್ದನ್ನು ಅದು ತಾನಾಗಿಯೇ ಒರೆಸಿಕೊಳ್ಳುತ್ತದೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ನೀವೇ ಒರೆಸಿ ಎಂದ. ಒರೆಸಲು ಬಟ್ಟೆ ಬೇಕಲ್ಲ? ಅವನು ನನ್ನ ತಲೆಯ ಕಡೆಗೆ ನೋಡಿದ. ಒಬ್ಬ ಅಡತಿ ವ್ಯಾಪಾರಿ 1960ರ ಆಚೆಗೆ, ಸ್ವರಾಜ್ಯದಲ್ಲಿ, ಗೋಕಾಕದ ನಡುಪೇಟೆಯಲ್ಲಿ ಹೊಸ ರೇಶಿಮೆಯ ರುಮಾಲಿನಿಂದ ರಸ್ತೆ ಒರೆಸಿದ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ಹುಕ್ಕೇರಿ ದಾಟಿ ನಿಡಸೋಸಿಗೆ ಮುಟ್ಟಿದಾಗ ಮಧ್ಯಾಹ್ನ. ಮಾವನ ಮನೆಯ ಮುಂದೆ ಫಟಫಟಿ ನಿಲ್ಲಿಸಿ, ಸದ್ದು ಕೇಳಿ ಎಲ್ಲರೂ ಹೊರಗೆ ಬರಲಿ ಎಂದು ಇನ್ನೊಂದು ಸಲ ಗುರುಗುಟ್ಟಿಸಿದೆ. ಅತ್ತೆ ಯಮನವ್ವ ಬಂದಳು. ನನ್ನ ಬರಿದಲೆಯನ್ನು ನೋಡಿದವಳೇ ಕೈಯಲ್ಲಿದ್ದ ತಂಬಿಗೆ ಬಿಟ್ಟು, ಎದೆಗೆ ಕೈ ಹಚ್ಚಿ ಕುಸಿದು ಕುಳಿತಳು. ನಮ್ಮ ಕಡೆ ಬೀಗರ ಮನೆಗೆ ಬರಿದಲೆಯಲ್ಲಿ ಬರುವುದು ಯಾರಾದರೂ ಸತ್ತ ಸುದ್ದಿ ತಂದಾಗ ಮಾತ್ರ. ಅವಳು ಅಳತೊಡಗಿದಳು. ಅವಳ ದನಿ ಕೇಳಿ ನೆರೆಮನೆಯವರು ಬಂದು, ಯಾರು ಸತ್ತರೆಂದು ಕೇಳದೆಯೇ ಅಳತೊಡಗಿದರು. ಯಾರೂ ಸತ್ತಿಲ್ಲ, ರುಮಾಲಿನಿಂದ ಫಟಫಟಿಯ ಎಣ್ಣೆ ಒರೆಸಿದೆ ಎಂದು ನಾನು ಕೂಗಿ ಹೇಳಬೇಕಾಯಿತು. ಅಳು ನಿಂತಿತು. ಆದರೆ ಅತ್ತೆ ಕಣ್ಣೊರೆಸಿಕೊಂಡು ಫಟಫಟಿಯನ್ನು ನೋಡಿದ ರೀತಿ ನನಗೆ ಸೇರಲಿಲ್ಲ. ಅಡಿಗೆಮನೆಯ ಎಣ್ಣೆ ಸಾಲದೆ ಅಳಿಯನ ತಲೆಯ ಮೇಲಿನದೂ ಇದಕ್ಕೆ ಬೇಕಾಯಿತೇ ಎಂದು ಕೇಳಿದಳು. ಬೆಲ್ಲದ ಲಾರಿ ತನ್ನ ಕೆಲಸ ಮಾಡಿತ್ತು.

ಮಾವ ಅಪ್ಪಣ್ಣ ಎತ್ತು ನೋಡುವುದರಲ್ಲಿ ಹುಕ್ಕೇರಿ ತಾಲೂಕಿಗೇ ಹೆಸರಾದವನು. ಆತ ಫಟಫಟಿಯ ಸುತ್ತ ಒಂದು ಸುತ್ತು ಬಂದ. ಸೀಟಿನ ಮೇಲೆ ಅಂಗೈಯಿಂದ ತಟ್ಟಿದ. ಬಾಲ ಎತ್ತಿ ನೋಡುವಂತೆ ಹಿಂದಿನ ದೀಪ ಹಿಡಿದು ನೋಡಿದ. ಕುಕ್ಕರಗಾಲಲ್ಲಿ ಕುಳಿತು ಅದರ ಹೊಟ್ಟೆಯ ಕೆಳಗೆ ಬಗ್ಗಿ, ನಳಿಗೆಯಿಂದ ಸೋರುತ್ತಿದ್ದ ಕೊನೆಯ ಎಣ್ಣೆಯನ್ನು ಬಹಳ ಹೊತ್ತು ನೋಡಿದ. ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದು ಕೇಳಿದ. ಅದು ಕುಡಿಯುವುದಿಲ್ಲ, ಡಬ್ಬಿಗೆ ಹಾಕಿದ್ದು ಹನಿಹನಿಯಾಗಿ ಚೈನಿಗೆ ಬೀಳುತ್ತದೆ ಎಂದೆ.

“ಅಳಿಯಂದ್ರ, ಇದು ಹನಿ ಅಲ್ಲ,” ಅಂದ ಮಾವ. “ಹಾಕಿದ್ದು ಹಾಕಿದಂಗ ಹೊರಗ ಹೊಂಟೈತಿ. ಇದರ ಹೊಟ್ಟಿ ಕೆಟ್ಟೈತಿ.”

ಎತ್ತಿನ ರೋಗವನ್ನು ಯಂತ್ರಕ್ಕೆ ಹಚ್ಚುವ ಹಿರಿಯರಿಗೆ ಏನು ಹೇಳಬೇಕು? ಊಟದ ಹೊತ್ತಿಗೆ ಜಗಳ ಬೇಡವೆಂದು ಒಳಗೆ ಹೋದೆ. ಸಾವಂತ್ರೆವ್ವ ಎಡೆ ಬಡಿಸಿದಳು. ಸ್ವಲ್ಪ ಸೊರಗಿದ್ದಳು ಅನ್ನಿಸಿ ನನಗೆ ಮನಸ್ಸಿನೊಳಗೇ ಸಂತೋಷವಾಯಿತು. ಮನೆಗೆ ಬಾ, ನೀನಿಲ್ಲದೆ ಮನೆ ಮನೆಯಂತಿಲ್ಲ ಎಂದು ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಹೇಳಿದೆ. ಅವಳು ತುಪ್ಪ ಬಡಿಸುತ್ತ, ಎತ್ತು ತಂದಿರೇನು ಎಂದಷ್ಟೇ ಕೇಳಿದಳು. ನಾನು ಹೊಟ್ಟೆ ತುಂಬ ಉಂಡು ಸಿಟ್ಟಿನಿಂದ ಪಡಸಾಲೆಯಲ್ಲಿ ಮಲಗಿಬಿಟ್ಟೆ.

ಹೊನ್ನುಗ್ಗಿಯೆಂದರೆ ಎತ್ತುಗಳಿಗೆ ಗೊಟ್ಟ ಹಾಕುವ ದಿನ. ಎಣ್ಣೆ, ಅರಿಷಿಣ, ಬೆಲ್ಲ, ಉಪ್ಪು, ಮಜ್ಜಿಗೆ ಕಲೆಸಿ ಬಿದಿರಿನ ಗೊಟ್ಟದಲ್ಲಿ ತುಂಬಿ, ಎತ್ತಿನ ಬಾಯಿ ತೆರೆದು ಗಂಟಲಿಗೆ ಸುರಿಯುತ್ತಾರೆ. ಮಳೆಗಾಲದ ದುಡಿಮೆಗೆ ಅದರ ಹೊಟ್ಟೆ ಗಟ್ಟಿಯಾಗಬೇಕೆಂದು ಈ ಪದ್ಧತಿ. ನಾನು ಮಲಗಿದಾಗ ಮಾವ ಹಿತ್ತಲಲ್ಲಿ ತನ್ನ ಎತ್ತುಗಳಿಗೆ ಗೊಟ್ಟ ಹಾಕುತ್ತಿದ್ದದ್ದು ಕೇಳಿಸುತ್ತಿತ್ತು. ಅಂಗಳದಲ್ಲಿ ನನ್ನ ಫಟಫಟಿ ಒಂಟಿಯಾಗಿ ನಿಂತಿತ್ತು. ಅಷ್ಟನ್ನು ನಾನು ಬಲ್ಲೆ. ಉಳಿದದ್ದು ತಿಳಿದದ್ದು ಮರುದಿನ.

ಮರುದಿನ ಕಾರಹುಣ್ಣಿಮೆ. ಹೋಳಿಗೆ ಉಂಡು ಮಲಗಿದ್ದು ಇಳಿಹೊತ್ತಿಗೆ ಹೊರಗೆ ಬಂದು ನೋಡಿದರೆ ಫಟಫಟಿಯ ಹ್ಯಾಂಡಲಿಗೆ ಎರಡೂ ಕಡೆ ಕೆಂಪು ಬಣ್ಣ ಬಳಿದು ಉಣ್ಣೆಯ ಗೊಂಡೆ ಬಿಗಿದಿದ್ದರು. ದೀಪಕ್ಕೆ ಕುಂಕುಮ. ಕೊರಳಿಗೆ, ಅಂದರೆ ಕೊರಳಿರಬೇಕಾದಲ್ಲಿ, ಗೆಜ್ಜೆಸರ. ಇದನ್ನು ಹೇಗೋ ಸಹಿಸಿಕೊಂಡೆ. ಹೊರಡುವ ಮೊದಲು ಎಣ್ಣೆ ಎಷ್ಟಿದೆ ನೋಡೋಣವೆಂದು ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಹಳದಿಯ ಪಾಯಸದಂಥದು ತುಂಬಿತ್ತು. ಅದರ ಮೇಲೆ ಓಂಕಾಳು ತೇಲುತ್ತಿದ್ದವು. ನಳಿಗೆಯಿಂದ ರಾತ್ರಿಯಿಡೀ ಇಳಿದು ಚೈನು, ಗಾಲಿ, ಬ್ರೇಕಿನ ಡಬ್ಬಿ ಎಲ್ಲವೂ ಅರಿಷಿಣ ಹಚ್ಚಿಸಿಕೊಂಡಿದ್ದವು.

ನಾನು ಕೂಗಿದ ಕೂಗಿಗೆ ಹಿತ್ತಲ ಎತ್ತುಗಳೂ ತಲೆ ಎತ್ತಿದವು. ಅತ್ತೆ ಸಮಾಧಾನದಿಂದ ಬಂದು, ನಮ್ಮ ಎತ್ತಿಗೆಲ್ಲ ಹಾಕಿ ಬೀಗರ ಮನೆಯಿಂದ ಬಂದದ್ದನ್ನು ಉಪವಾಸ ನಿಲ್ಲಿಸಿದರೆ ಜನ ಏನಂದಾರು ಎಂದು ಕೇಳಿದಳು. ಹೊಟ್ಟೆ ಕೆಟ್ಟಿದ್ದರಿಂದ ಓಂಕಾಳು ಹೆಚ್ಚಿಗೆ ಹಾಕಿದ್ದೇನೆ, ಸೋರುವುದು ಆಗಲೇ ಕಡಿಮೆಯಾಗಿದೆ ನೋಡಿ ಎಂದು ಮಾವ ತೋರಿಸಿದ. ಕಡಿಮೆಯಾಗಿತ್ತು ನಿಜ. ನಳಿಗೆಗೆ ಬೆಲ್ಲ ಸಿಕ್ಕಿಕೊಂಡಿತ್ತು. ಅದನ್ನು ತನ್ನ ಔಷಧದ ಗುಣ ಎಂದು ಆತ ಹೆಮ್ಮೆಪಡುತ್ತ ನಿಂತದ್ದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು.

“ಇದು ಎತ್ತಲ್ರಿ ಮಾವಾರ, ಯಂತ್ರ ಐತಿ,” ಅಂದೆ ಇಡೀ ಓಣಿಗೆ ಕೇಳುವಂತೆ. “ಯಂತ್ರಕ್ಕ ಗೊಟ್ಟ ಹಾಕೂ ಊರು ಈ ಭೂಮಿ ಮ್ಯಾಲೆ ನಿಮ್ದೊಂದ. ಎತ್ತಿಗೂ ಯಂತ್ರಕ್ಕೂ ಫರಕು ತಿಳಿಯದವರ ಮನ್ಯಾಗ ನಾ ಒಂದ ಗಳಿಗಿ ನಿಲ್ಲಂಗಿಲ್ಲ.”

ಸಾವಂತ್ರೆವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಬಟ್ಟೆಯ ಗಂಟು ಇದ್ದದ್ದನ್ನು ನಾನು ಆಗ ನೋಡಿದೆ.

“ಎಲ್ಲಾರೂ ಅದಕ್ಕ ಪೂಜಿ ಮಾಡಿದ್ರು, ಇರ್ಲಿ, ಇದನ್ನ ಮನಿ ಎತ್ತ ಅಂತ ತಿಳಕೊಂಡು ಹೊಂಟ ಬರೂಣು ಅಂತ ಗಂಟ ಕಟ್ಟಿದ್ದೆ,” ಅಂದಳು. “ಎತ್ತ ಅಲ್ಲಂತ ನಿಮ್ಮ ಬಾಯಿಲೇ ಬಂತು. ಹಂಗಾರ ನೀವ ಹೋಗ್ರಿ.”

ಗಂಟು ಹಿಡಿದುಕೊಂಡು ಒಳಗೆ ಹೋದಳು. ಆಗ ಆದ ಸಂಕಟವನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ತುಸು ತಡೆದು ಕೂಗಿದ್ದರೆ ಅವಳು ಈಗ ನನ್ನ ಹಿಂದೆ ಕುಳಿತಿರುತ್ತಿದ್ದಳು. ಆದರೆ ಸತ್ಯ ನುಡಿದದ್ದು ನಾನೇ ಅಲ್ಲವೇ? ಸತ್ಯ ನುಡಿದವನು ತಿರುಗಿ ಬೇಡಿಕೊಳ್ಳಬಾರದೆಂದು ಫಟಫಟಿ ಹತ್ತಿ ಒದ್ದೆ. ಅದು ಮೊದಲನೆಯ ಒದೆತಕ್ಕೇ ಶುರುವಾಯಿತು.

ಮಾವನ ಮನೆಯಿಂದ ಊರ ಹೆಬ್ಬಾಗಿಲಾದ ಅಗಸಿಯವರೆಗೆ ರಸ್ತೆ ಇಳಿಜಾರು. ಆ ಹೊತ್ತು ಅಗಸಿಗೆ ಅಡ್ಡಲಾಗಿ ಕರಿ ಕಟ್ಟಿದ್ದರು. ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲು ಪೋಣಿಸಿದ ಹಗ್ಗವದು. ಕಾರಹುಣ್ಣಿಮೆಯ ಸಂಜೆ ಊರಿನ ಎತ್ತುಗಳನ್ನೆಲ್ಲ ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಆ ವರ್ಷ ಜೋಳ, ಹತ್ತಿಯಂಥ ಬಿಳಿ ಬೆಳೆ ಚೆನ್ನಾಗಿ ಬರುತ್ತದೆ. ಕೆಂದ ಎತ್ತು ಹರಿದರೆ ಕಡಲೆ, ಗೋಧಿಯಂಥ ಕೆಂಪು ಬೆಳೆ ಬರುತ್ತದೆ. ಇದನ್ನು ನೋಡಿಯೇ ಬಿತ್ತುವವರು ಇದ್ದಾರೆ. ಜನ ಎರಡೂ ಕಡೆ ಸಾಲಾಗಿ ನಿಂತಿದ್ದರು. ಮಾವ ನಮ್ಮಿಬ್ಬರ ಮಾತಿನ ನಡುವೆಯೇ ಹಿತ್ತಲಿನಿಂದ ಹೋಗಿ ತನ್ನ ಬಿಳಿ ಎತ್ತನ್ನು ಆಗಲೇ ಓಟಕ್ಕೆ ಬಿಟ್ಟಿದ್ದ. ಅದು ಎಲ್ಲಕ್ಕಿಂತ ಮುಂದಿತ್ತು.

ಅದಕ್ಕಿಂತ ಮುಂದೆ ನಾನಿದ್ದೆ. ಜನರನ್ನು ಕಂಡು ಕಾಲಿನ ಬ್ರೇಕು ಒತ್ತಿದೆ. ಗೊಟ್ಟ ಕುಡಿದ ಬ್ರೇಕು ಗಾಲಿಯನ್ನು ಹಿಡಿಯದೆ ಪ್ರೀತಿಯಿಂದ ಸವರಿ ಬಿಟ್ಟಿತು. ಕೈಯ ಬ್ರೇಕು ಹಿಡಿಯಲು ಹೋದರೆ ಬೆರಳಿಗೆ ಬರೀ ಉಣ್ಣೆಯ ಗೊಂಡೆ ಸಿಕ್ಕಿತು. ಕೆಳಗೆ ಗೆಜ್ಜೆ ಝಣಝಣ ಅನ್ನುತ್ತಿತ್ತು, ಹಿಂದೆ ಎತ್ತುಗಳ ಗೊರಸಿನ ಸದ್ದು ಹತ್ತಿರ ಬರುತ್ತಿತ್ತು. ದಾರಿ ಬಿಡಿ, ಇದು ನಿಲ್ಲುವುದಿಲ್ಲ ಎಂದು ನಾನು ಅರಚಿದೆ. ಹುರುಪಿನಿಂದ ಕೂಗುತ್ತಿದ್ದೇನೆಂದು ಅವರೂ ಹುರುಪಿನಿಂದ ಕೂಗಿದರು. ಹಗ್ಗ ನನ್ನ ಎದೆಗೆ ಬಡಿದು ಹರಿಯಿತು. ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲಿನ ಸಮೇತ ನಾನು ಅಗಸಿಯ ಆಚೆಗಿನ ತಿಪ್ಪೆಯಲ್ಲಿ ಹೊಕ್ಕು ನಿಂತೆ. ತಿಪ್ಪೆ ಮೆತ್ತಗಿತ್ತು. ಅದೊಂದೇ ಆ ಊರಿನಲ್ಲಿ ನನಗಾದ ಉಪಕಾರ.

ಜನ ನನ್ನನ್ನು ಎಬ್ಬಿಸಿ ಮೈ ಕೊಡವುವಷ್ಟರಲ್ಲಿ ಮಾವ ಓಡಿ ಬಂದ. ಅಳಿಯನಿಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಕರಿ ಹರಿಯಬೇಕಾದದ್ದು ತನ್ನ ಎತ್ತು, ಅದು ಬರೀ ಒಂದು ಮೊಳ ಹಿಂದಿತ್ತು, ಯಂತ್ರ ಹರಿದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಊರ ಗೌಡರ ಮುಂದೆ ತಕರಾರು ತೆಗೆದ. ಹಿಂದಿನ ದಿನ ಫಟಫಟಿಯ ಹೊಟ್ಟೆಗೆ ಓಂಕಾಳು ಹಾಕಿದ ಇದೇ ಮನುಷ್ಯ ಈಗ ಅದಕ್ಕೆ ಜೀವವಿಲ್ಲ, ಪ್ರಾಣವಿಲ್ಲ ಎಂದು ವಾದಿಸುತ್ತಿದ್ದ. ಕೆಂದ ಎತ್ತಿನವರು ಮಾವನಿಗೆ ಗೆಲುವು ಸಿಗಬಾರದೆಂದು, ಗೊಟ್ಟ ಕುಡಿದದ್ದು, ಗೊಂಡೆ ಕಟ್ಟಿಸಿಕೊಂಡದ್ದು, ಪೂಜೆಯಾದದ್ದು ಎತ್ತೇ ಸರಿ ಎಂದರು. ಮಾತು ಏರಿತು. ಗೌಡರು ವಯಸ್ಸಾದವರು. ಅವರು ಫಟಫಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಎಲ್ಲರನ್ನೂ ಸುಮ್ಮನಿರಿಸಿದರು.

“ಕಟ್ಟಿ ಸಾಕಿದವರ ಮಾತ ಖರೆ,” ಅಂದರು. “ದುಂಡಪ್ಪನವರ, ಹತ್ತ ಮಂದಿ ಎದುರಿಗೆ ನೀವ ಹೇಳ್ರಿ. ಇದು ಎತ್ತ ಹೌದೋ ಅಲ್ಲೋ?”

ಹೇಳುವುದೇನು ಬಂತು? ಯಾವ ಮಗು ಕೇಳಿದರೂ ಒಂದೇ ಉತ್ತರ. ಇದು ಎತ್ತಲ್ಲ ಎಂದರೆ ಮಾವ ಗೆಲ್ಲುತ್ತಾನೆ, ನನ್ನ ಮರ್ಯಾದೆ ಉಳಿಯುತ್ತದೆ, ನಾನು ಇಷ್ಟು ದಿನ ಊರೂರಲ್ಲಿ ವಾದಿಸಿದ್ದು ಸತ್ಯವಾಗುತ್ತದೆ. ಎದೆ ಸೆಟೆಸಿ ಬಾಯಿ ತೆರೆದೆ. ಆಗ ಅಗಸಿಯ ಬಾಜೂ, ಆರತಿ ಹಿಡಿದ ಹೆಂಗಸರ ನಡುವೆ, ಸಾವಂತ್ರೆವ್ವ ಕಂಡಳು. ನಾನು ಬಿದ್ದದ್ದನ್ನು ಕೇಳಿ ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ನನ್ನ ಬಾಯನ್ನೇ ನೋಡುತ್ತ ನಿಂತಳು.

ಜನ ಕಾಯುತ್ತಿದ್ದರು. ನನಗೆ ಆ ಗೌಡರ ಮೇಲೆ, ಮಾವನ ಮೇಲೆ, ಕೊಲ್ಲಾಪುರದ ಅಂಗಡಿಯವನ ಮೇಲೆ, ಎಣ್ಣೆಯೆಂಬ ಪದಾರ್ಥದ ಮೇಲೆಯೇ ಕೆಟ್ಟ ಸಿಟ್ಟು ಬಂತು.

“ಎತ್ತ ಹೌದ್ರಿ,” ಅಂದೆ.

ಗೌಡರು ಇಷ್ಟಕ್ಕೇ ಬಿಡಲಿಲ್ಲ. ಬಣ್ಣ ಯಾವುದೆಂದು ಹಿಡಿಯಬೇಕು ಎಂದು ಕೇಳಿದರು. ಕರೀ ಬಣ್ಣ ಎಂದೆ. ಹಾಗಾದರೆ ಈ ವರ್ಷ ಎಳ್ಳು, ಉದ್ದು, ಗುರೆಳ್ಳು ಚಲೋ ಬರುತ್ತವೆ ಎಂದು ಅವರು ಸಾರಿದರು. ಕೆಲವರು ಆಗಲೇ ಬೀಜದ ಮಾತು ತೆಗೆದರು. ಹಿಂದಿನಿಂದ ಯಾರೋ, ಎತ್ತಿನ ವಯಸ್ಸು ಕೇಳುವ ಹಾಗೆ, ಎಷ್ಟು ಹಲ್ಲಿನದು ಎಂದು ಕೇಳಿದರು.

“ಇನ್ನೂ ಹಲ್ಲ ಹಚ್ಚಿಲ್ಲ. ಹೊಸಾದು,” ಅಂದೆ ಹಲ್ಲು ಕಚ್ಚಿಕೊಂಡು.

ಸಾವಂತ್ರೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಫಟಫಟಿಯ ದೀಪಕ್ಕೆ ಆರತಿ ಬೆಳಗಿದಳು. ಗೆದ್ದ ಎತ್ತಿನ ಬೆನ್ನಿಗೆ ತಟ್ಟುವಂತೆ ಸೀಟಿಗೆ ತಟ್ಟಿದಳು. ಆಮೇಲೆ ನನ್ನ ತಲೆಯಲ್ಲಿ ಸಿಕ್ಕಿದ್ದ ಬೇವಿನ ಎಲೆಯನ್ನು ತೆಗೆದು, ಪೆಟ್ಟಾಯಿತೇನು ಎಂದು ಕೇಳಿದಳು. ಆ ಊರಿನಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ಅತ್ತೆ ಬಿಸಿನೀರು, ಸೀಗೆಪುಡಿ ಹಾಕಿ ಚೈನು, ಬ್ರೇಕು ಎರಡನ್ನೂ ತಿಕ್ಕಿ ತೊಳೆದುಕೊಟ್ಟಳು. ಡಬ್ಬಿಯನ್ನು ನಾನು ಬಿಚ್ಚಿ ಅವರ ಹಿತ್ತಲಿಗೆ ಒಗೆದೆ. ಮಾವ ತನ್ನ ಹಳೆಯ ರುಮಾಲೊಂದನ್ನು ನನ್ನ ತಲೆಗೆ ಸುತ್ತಿ ಕಳಿಸಿದ. ಸಾವಂತ್ರೆವ್ವ ಗಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹಿಂದೆ ಕುಳಿತು ಹೆಗಲು ಹಿಡಿದಳು. ಗಾಳಿ ತಂಪಾಗಿತ್ತು. ಹುಕ್ಕೇರಿ ದಾಟಿದೆವು. ಅಂತೂ ಕರೆದುಕೊಂಡು ಬಂದೆ, ಹೇಗೆ ಬಂದೆ ಎಂದು ಕೇಳುವವರು ಯಾರಿದ್ದಾರೆ ಎಂದು ನಾನು ಸಮಾಧಾನ ತಂದುಕೊಳ್ಳುತ್ತಿದ್ದೆ. ಬಾಜೂ ಹೊಲದಲ್ಲಿ ಒಬ್ಬ ರೈತ ಕುಂಟೆಗೆ ಜೋಡೆತ್ತು ಹೂಡಿ ಹರಗುತ್ತಿದ್ದ. ಸಾವಂತ್ರೆವ್ವ ಅವನನ್ನು ಹಿಂತಿರುಗಿ ಬಹಳ ದೂರದವರೆಗೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

“ಒಂಟಿ ಎತ್ತಿನ ಮ್ಯಾಲೆ ಹೊಲಾ ಹರಗಾಕ ಆಗಂಗಿಲ್ರಿ,” ಅಂದಳು. “ಇದರ ಜೋಡಿದು ಯಾವಾಗ ತರ್ತೀರಿ?”